ಏರ್ ಫ್ರೈಯರ್ ಸಾಕಾ, ಓಟಿಜಿ (ಓವನ್-ಟೋಸ್ಟರ್-ಗ್ರಿಲ್) ಬೇಕಾ?

ಇಬ್ಬರೇ ಇರೋದು, ಬಾಡಿಗೆ ಮನೆ, ಅಡುಗೆಕಟ್ಟೆ ಚಿಕ್ಕದು. ಬಜ್ಜಿ, ಕಾಂಗ್ರೆಸ್ ಕಡ್ಲೆಬೀಜ, ಯಾವಾಗಾದರೊಮ್ಮೆ ಕೇಕು ಮಾಡೋಕೆ ಯಾವುದು ತಗೊಳ್ಳಲಿ ಅಂತ ಕೇಳಿದ್ದೀರಿ. ನಿಮಗೆ 4 ಲೀಟರಿನ ಏರ್ ಫ್ರೈಯರ್ ಸಾಕು. ಬಜ್ಜಿ ಆಸೆ ಮಾತ್ರ ಬಿಡಿ. ಬಾಣಲೆಯ ಎಣ್ಣೆಗೆ ಬಿದ್ದ ಹಿಟ್ಟು ತಕ್ಷಣ ಗಟ್ಟಿಯಾಗುತ್ತೆ. ಇಲ್ಲಿ ಇರೋದು ಬರೀ ಬಿಸಿಗಾಳಿ, ಗಟ್ಟಿಯಾಗೋ ಮೊದಲೇ ಹಿಟ್ಟು ಬುಟ್ಟಿಯ ತೂತುಗಳಿಂದ ಸೋರಿ ತಳಕ್ಕೆ ಅಂಟಿಕೊಳ್ಳುತ್ತೆ.

ಕಡ್ಲೆಬೀಜಕ್ಕೆ ಇದೇ ಸರಿ. ಕಾಲು ಕೆಜಿ ಬೀಜ, 160 ಡಿಗ್ರಿ, 10-12 ನಿಮಿಷ, ನಡುವೆ ಎರಡು ಮೂರು ಸಲ ಬುಟ್ಟಿ ಕುಲುಕಿ. ಬಿಸಿ ಇದ್ದಾಗ ಮೆತ್ತಗಿರುತ್ತೆ, ಆರಿದ ಮೇಲೇ ಗರಿಗರಿ. ಇನ್ನೂ ಆಗಿಲ್ಲ ಅಂತ ಮತ್ತೆ ಇಟ್ಟರೆ ಸೀದು ಕಹಿಯಾಗುತ್ತೆ. ಸಿಪ್ಪೆ ಉಜ್ಜಿ ಬೇಳೆ ಮಾಡಿಕೊಂಡು, ಒಂದು ಚಮಚ ಎಣ್ಣೆಯಲ್ಲಿ ಕರಿಬೇವು, ಅರಿಶಿನ, ಖಾರದಪುಡಿ, ಉಪ್ಪು ಹಾಕಿ ಒಲೆ ಮೇಲೇ ಬೆರೆಸಿ. ಕರಿಬೇವನ್ನ ಬುಟ್ಟಿಗೆ ಹಾಕಿದರೆ ಗಾಳಿಗೆ ಹಾರಿ ಮೇಲಿನ ಕಾಯಿಲ್‌ಗೆ ತಾಗಿ ಸುಟ್ಟ ವಾಸನೆ ಬರುತ್ತೆ.

ಕೇಕಿಗೆ 6 ಇಂಚಿನ ಟಿನ್ನು, ಓಟಿಜಿಗೆ ಬರೆದಿರೋದಕ್ಕಿಂತ 20 ಡಿಗ್ರಿ ಕಮ್ಮಿ. ಕಾಯಿಲ್ ತೀರಾ ಹತ್ತಿರ ಇರೋದರಿಂದ ಮೇಲೆ ಕಂದಾಗಿ ಒಳಗೆ ಹಸಿ ಉಳಿಯುತ್ತೆ. ಮೇಲ್ಭಾಗ ಬಣ್ಣ ತಿರುಗಿದ ಕೂಡಲೇ ಫಾಯಿಲ್ ಅಂಚಿಗೆ ಬಿಗಿಯಾಗಿ ಮುಚ್ಚಿ. ಬ್ರೆಡ್ಡು, ಟ್ರೇಗಟ್ಟಲೆ ಬಿಸ್ಕತ್ತು ಅಂತ ಹೊರಟರೆ ಓಟಿಜಿನೇ ಬೇಕು.

ತಗೊಳ್ಳೋ ಮೊದಲು ಸಾಕೆಟ್ ನೋಡಿ. 1500 ವ್ಯಾಟ್ ಮೆಷಿನ್ನಿಗೆ 16 ಆಂಪಿಯರ್ ಪಾಯಿಂಟ್ ಬೇಕು. 6 ಆಂಪಿಯರ್‌ಗೆ 1380 ವ್ಯಾಟೇ ಮಿತಿ. ಹಳೇ ಮನೆಗಳಲ್ಲಿ 16 ಆಂಪಿಯರಿನದ್ದು ಅಡುಗೆಮನೆಗೆ ಒಂದಿದ್ದರೆ ಹೆಚ್ಚು, ಅದೂ ಫ್ರಿಜ್ಜಿನ ಹಿಂದೆ.