ಕರಿಹಲಗೆಯನ್ನು ಸೌದೆ ಕೊಟ್ಟಿಗೆಯಿಂದ ಹೊರಗೆ ತನ್ನಿ

ಪ್ರಶ್ನೆ: ನನಗೆ 39 ವರ್ಷ. ಕೊಡಗಿನ ಸಿದ್ದಾಪುರದ ಹತ್ತಿರ ಒಂದು ಸಣ್ಣ ಕ್ರೈಸ್ತ ಸಭೆಯ ಯುವಜನರ ನಾಯಕ, ಕಮಿಟಿ ಕಾರ್ಯದರ್ಶಿಯೂ ನಾನೇ. ನಾಲ್ಕು ವರ್ಷದ ಹಿಂದೆ ನಮ್ಮ ಮನೆ ಜಗಲಿಯಲ್ಲಿ ಲೈನ್‌ಮನೆಯ (ತೋಟದ ಕೆಲಸಗಾರರ ಸಾಲುಮನೆ) ಮಕ್ಕಳಿಗೆ ಸಂಜೆ ಪಾಠ ಶುರು ಮಾಡಿದೆ. 6 ಮಕ್ಕಳಿದ್ದದ್ದು 31 ಆಯಿತು. ಕಳೆದ ವರ್ಷ ಎಸ್‌ಎಸ್‌ಎಲ್‌ಸಿ ಬರೆದ 9 ಮಕ್ಕಳೂ ಪಾಸಾದರು. ನನ್ನ ಫೋಟೋ ಹಾಕಿ ಫ್ಲೆಕ್ಸ್ ಕಟ್ಟಿದರು, ನಾನು ಬೇಡ ಅನ್ನಲಿಲ್ಲ. ಹೊರಗಿನಿಂದ ಬಂದ ಪ್ರಸಂಗಿಯೊಬ್ಬರು ‘ಮಕ್ಕಳಿಂದ ತುಂಬಿದ ದೊಡ್ಡ ಮನೆ ಕಾಣುತ್ತಿದೆ, ಕಟ್ಟು’ ಎಂದರು. ನನಗೂ ಅದೇ ಕನಸಿತ್ತು. 20ಕ್ಕೆ 30 ಅಡಿಯ ಹಾಲ್‌ಗೆ 4,86,000 ರೂಪಾಯಿ ಕೂಡಿಸಿದೆ. ಸಭೆಯವರೊಬ್ಬರು 10 ಸೆಂಟ್ ಜಾಗ ಬಾಯಿಮಾತಿನಲ್ಲಿ ಕೊಟ್ಟರು. ಫೆಬ್ರವರಿಯಲ್ಲಿ ಪಾಯ ಹಾಕಿದೆವು, ಏಪ್ರಿಲ್‌ನಲ್ಲಿ ಅವರ ಅಣ್ಣ ಬಂದು ಕೆಲಸ ನಿಲ್ಲಿಸಿದರು. 3,12,000 ಖರ್ಚಾಗಿದೆ, ಉಳಿದದ್ದು ನನ್ನ ಉಳಿತಾಯ ಖಾತೆಯಲ್ಲಿದೆ. ನನ್ನ ಜೊತೆ ಪಾಠ ಮಾಡುತ್ತಿದ್ದ ಗೆಳೆಯ ‘ನಮ್ಮನ್ನು ಯಾವತ್ತು ಕೇಳಿದ್ದೀಯ?’ ಎಂದು ನಾಲ್ಕು ಮನೆಯವರ ಜೊತೆ ಸಭೆ ಬಿಟ್ಟ. ನಾಚಿಕೆಯಿಂದ ಮೇ ತಿಂಗಳಲ್ಲಿ ಪಾಠವನ್ನೂ ನಿಲ್ಲಿಸಿದೆ, ಕರಿಹಲಗೆ ಸೌದೆ ಕೊಟ್ಟಿಗೆಯಲ್ಲಿದೆ. ಎರಡು ತಿಂಗಳಿಂದ ರಾತ್ರಿ ಮೂರಕ್ಕೆ ಎಚ್ಚರವಾಗುತ್ತದೆ, ಊಟ ಸೇರುವುದಿಲ್ಲ. ಕನಸು ದೇವರದ್ದಾಗಿದ್ದರೆ ಹೀಗೇಕಾಯಿತು? ರಾಜೀನಾಮೆ ಕೊಡಲೇ? (ಪತ್ರವನ್ನು ಸಂಕ್ಷೇಪಿಸಲಾಗಿದೆ.)

ಉತ್ತರ:

ಪ್ರಿಯ ಸಹೋದರರೇ,

ನಿಮ್ಮ ಮೂಲ ಪತ್ರದಲ್ಲಿ ಕಟ್ಟಡ ನಿಂತ ಸಂಗತಿಗೆ ಎರಡು ಪುಟ ಕೊಟ್ಟಿದ್ದೀರಿ. ಪಾಠ ನಿಂತ ಸಂಗತಿ ಒಂದೇ ಸಾಲಿನಲ್ಲಿ ಮುಗಿದಿದೆ. ನಮಗೆ ನೋವಾದದ್ದು ಆ ಒಂದು ಸಾಲು ಓದಿ. ಕಟ್ಟಡಕ್ಕೆ ಜಾಗ ತಪ್ಪಿತು, ಸರಿ. ಜಗಲಿಗೆ ಏನಾಗಿತ್ತು?

ಅದಕ್ಕೆ ಮತ್ತೆ ಬರೋಣ. ಮೊದಲು ನಿಮ್ಮ ನಿದ್ದೆ ಮತ್ತು ಊಟ. ಕರ್ಮೆಲ್ ಬೆಟ್ಟದಲ್ಲಿ ಅಷ್ಟು ದೊಡ್ಡ ಗೆಲುವು ಕಂಡ ಪ್ರವಾದಿ ಎಲೀಯ ಅದರ ಬೆನ್ನಿಗೇ ‘ನನ್ನ ಪ್ರಾಣ ತೆಗೆದುಬಿಡು’ ಎಂದು ಗಿಡದಡಿ ಮಲಗಿದ. ದೇವದೂತ ಅವನಿಗೆ ಬುದ್ಧಿ ಹೇಳಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು ತಲೆಯ ಹತ್ತಿರ ಇಟ್ಟು ಎಬ್ಬಿಸಿದ. ತಿಂದು ಮತ್ತೆ ಮಲಗಿದವನನ್ನು ಎರಡನೇ ಸಲವೂ ಎಬ್ಬಿಸಿ ತಿನ್ನಿಸಿದ. ‘ಇಲ್ಲೇನು ಮಾಡುತ್ತಿದ್ದೀ?’ ಎಂಬ ಪ್ರಶ್ನೆ ಬಂದದ್ದು ಅವನು ನಲವತ್ತು ದಿನ ನಡೆದು ಹೋರೇಬ್ ಮುಟ್ಟಿದ ಮೇಲೆ (1 ಅರಸುಗಳು 19). ಬೇಸರ, ನಿದ್ದೆಗೇಡು ಎರಡು ವಾರ ದಾಟಿದರೆ ವೈದ್ಯರಿಗೆ ತೋರಿಸಬೇಕು, ನಿಮ್ಮದು ಎರಡು ತಿಂಗಳಾಗಿದೆ. ಈ ವಾರವೇ ಮಡಿಕೇರಿಗೆ ಹೋಗಿ ಮನೋವೈದ್ಯರನ್ನು ಕಾಣಿ. ಹೋಗುವುದು ಕಷ್ಟವಾದರೆ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ‘ಸಾಯುವುದೇ ಮೇಲು’ ಎಂಬ ಯೋಚನೆ ಒಮ್ಮೆ ಬಂದರೂ ಆ ಹೊತ್ತಿಗೇ ಕರೆ ಮಾಡಿ, ಹೆಂಡತಿಗೆ ಹೇಳಿ, ಒಬ್ಬರೇ ಇರಬೇಡಿ. ಪ್ರಾರ್ಥನೆ ಕಡಿಮೆಯಾದ್ದರಿಂದ ಹೀಗಾಯಿತು ಎಂದು ಯಾರು ಹೇಳಿದರೂ ಕಿವಿಗೆ ಹಾಕಿಕೊಳ್ಳಬೇಡಿ.

ಈಗ ಕನಸು. ಅದು ದೇವರದ್ದೇ ಅಲ್ಲವೇ ಎಂಬ ನಿಮ್ಮ ಪ್ರಶ್ನೆಗೆ 2 ಸಮುವೇಲ 7ನೇ ಅಧ್ಯಾಯ ನಿಧಾನವಾಗಿ ಓದಿ. ದೇವಾಲಯ ಕಟ್ಟುವ ಆಸೆಯನ್ನು ಅರಸ ದಾವೀದ ಹೇಳಿಕೊಂಡ ಕೂಡಲೇ ಪ್ರವಾದಿ ನಾತಾನ ‘ಮನಸ್ಸಿನಲ್ಲಿರುವುದನ್ನೆಲ್ಲ ಮಾಡು, ಕರ್ತನು ನಿನ್ನ ಸಂಗಡ ಇದ್ದಾನೆ’ ಎಂದುಬಿಟ್ಟ. ಅದೇ ರಾತ್ರಿ ದೇವರು ನಾತಾನನನ್ನು ತಿದ್ದಿ, ಬೆಳಿಗ್ಗೆ ದಾವೀದನ ಹತ್ತಿರ ವಾಪಸು ಕಳಿಸಿದ. ನಿಜವಾದ ಪ್ರವಾದಿಯ ಮೊದಲ ಮಾತೇ ಬದಲಾಗಬೇಕಾಯಿತು ಅಂದಮೇಲೆ, ಒಂದು ದಿನದ ಮಟ್ಟಿಗೆ ಬಂದು ಹೋದ ಪ್ರಸಂಗಿಯ ಮಾತನ್ನು ಒಂದು ರಾತ್ರಿಯೂ ಕಾಯದೆ ಪಾಯಕ್ಕೆ ಇಳಿಸಿದ್ದು ಅವಸರವಾಯಿತು. ಹಾಗೆಂದು ಆಸೆ ಕೆಟ್ಟದ್ದಾಗಿರಲಿಲ್ಲ. ‘ಈ ಆಸೆ ನಿನ್ನ ಹೃದಯದಲ್ಲಿ ಇದ್ದದ್ದು ಒಳ್ಳೆಯದು’ ಎಂಬ ಮಾತು ದಾವೀದನಿಗೆ ಸಿಕ್ಕಿತು (1 ಅರಸುಗಳು 8:18). ಕಟ್ಟುವ ಭಾಗ್ಯ ಮಗನಿಗೆ ಹೋಯಿತು. ದಾವೀದ ಮುನಿಸಿಕೊಂಡು ಕೂರಲಿಲ್ಲ, ಬಾಗಿಲಿನ ಮೊಳೆಗೆ ಬೇಕಾದ ಕಬ್ಬಿಣದವರೆಗೆ ಎಲ್ಲವನ್ನೂ ಕೂಡಿಸಿಟ್ಟ (1 ಪೂರ್ವಕಾಲವೃತ್ತಾಂತ 22:3).

ಯೋಸೇಫನಿಗೂ ಕನಸು ಬಿದ್ದದ್ದು ಹದಿನೇಳರ ವಯಸ್ಸಿನಲ್ಲಿ, ಫರೋಹನ ಮುಂದೆ ನಿಂತದ್ದು ಮೂವತ್ತರಲ್ಲಿ. ನಡುವಿನ ಹದಿಮೂರು ವರ್ಷದ ಗುಂಡಿ, ಜೈಲು ಕನಸಿನಲ್ಲಿ ಕಂಡಿರಲಿಲ್ಲ. ನಿಮ್ಮ ಕನಸಿನಲ್ಲೂ ಪಹಣಿ ಪತ್ರ ಕಂಡಿರಲಿಲ್ಲ.

ನಿಮ್ಮ ಸೋಲಿಗೆ ಕಾರಣ ಕಾಗದದಲ್ಲಿದೆ, ನಂಬಿಕೆಯ ಕೊರತೆಯಲ್ಲಿಲ್ಲ. ಸ್ಥಿರಾಸ್ತಿ ಬಾಯಿಮಾತಿನಲ್ಲಿ ದಾನವಾಗುವುದಿಲ್ಲ. ದಾನಪತ್ರ ಬರೆದು, ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ, ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿದರೆ ಮಾತ್ರ ಅದು ದಾನ. ನಮ್ಮ ಜಿಲ್ಲೆಯಲ್ಲಿ ಜಮ್ಮಾ ಜಾಗ (ಕೊಡಗಿನ ಹಳೆಯ ವಂಶಪಾರಂಪರ್ಯ ಹಿಡುವಳಿ) ಒಕ್ಕದ, ಅಂದರೆ ಇಡೀ ಕುಟುಂಬದ ಹೆಸರಲ್ಲಿ, ಹಲವರ ಜಂಟಿ ಹಕ್ಕಿನಲ್ಲಿ ಇರುವುದು ಸಾಮಾನ್ಯ. ಬೇರೆ ಜಾಗದಲ್ಲೂ ಅಣ್ಣತಮ್ಮಂದಿರ ನಡುವೆ ಪಾಲಾಗದೆ ಉಳಿದಿರುತ್ತದೆ. ಮಾಲೀಕರ ಹೆಸರಿರುವ ಪಹಣಿಯ 9ನೇ ಕಾಲಂ ನೋಡಿದ್ದರೆ ಅಣ್ಣನ ಹೆಸರು ಅಲ್ಲೇ ಸಿಗುತ್ತಿತ್ತು. ಅವರು ಕೇಡಿಗರೆಂದು ನೀವು ಬರೆದಿದ್ದೀರಿ. ತಮ್ಮ ಹಕ್ಕಿನ ಜಾಗದಲ್ಲಿ ತಮ್ಮನ್ನು ಕೇಳದೆ ಪಾಯ ತೆಗೆದದ್ದನ್ನು ನೋಡಿದವರು ಇನ್ನೇನು ಮಾಡಿಯಾರು? ಮೊದಲು ಅವರ ಮನೆಗೆ ಹೋಗಿ ಕ್ಷಮೆ ಕೇಳಿ, ಜಾಗ ಕೇಳಬೇಡಿ. ಮುಂದೆ ಎಂದಾದರೂ ಅವರಾಗಿಯೇ ಒಪ್ಪಿದರೆ ಆಗ ಹೆಸರಿರುವ ಎಲ್ಲರ ಸಹಿ, 10 ಸೆಂಟಿಗೆ ಪ್ರತ್ಯೇಕ ಅಳತೆ ನಕ್ಷೆ (11ಇ), ಕೃಷಿ ಜಮೀನಾದ್ದರಿಂದ ಭೂಪರಿವರ್ತನೆ, ಪಂಚಾಯಿತಿ ಪರವಾನಗಿ, ಇಷ್ಟೂ ಆದಮೇಲೆ ಗುದ್ದಲಿ. ದಾನಪತ್ರ ಸಭೆಯ ನೋಂದಾಯಿತ ಸಂಸ್ಥೆಯ ಹೆಸರಿಗಿರಲಿ, ನಿಮ್ಮ ಹೆಸರಿಗೆ ಬೇಡವೇ ಬೇಡ. ಡಿಸೆಂಬರ್ ಕೊನೆಯವರೆಗೆ ಕಾಯಿರಿ. ಒಪ್ಪಿಗೆ ಬರದಿದ್ದರೆ ಆ ಜಾಗದ ಆಸೆ ಬಿಡಿ, ಕಲ್ಲು ತೆಗೆಸಿ, ಗುಂಡಿ ಮುಚ್ಚಿಸಿ, ಜಾಗ ಮೊದಲಿದ್ದಂತೆ ಮಾಡಿಕೊಡಿ.

ಜಾಗ ಸರಿಯಿದ್ದಿದ್ದರೂ ನಿಮ್ಮ ಲೆಕ್ಕ ನಿಲ್ಲುತ್ತಿರಲಿಲ್ಲ, ಅದನ್ನೂ ಹೇಳಲೇಬೇಕು. 20ಕ್ಕೆ 30 ಅಂದರೆ 600 ಚದರಡಿ. ಚದರಡಿಗೆ 2,000 ರೂಪಾಯಿ ಹಿಡಿದರೂ 12 ಲಕ್ಷ, ಅದರ ಮೇಲೆ ಕೈಮೀರುವ ಖರ್ಚಿಗೆ ನೂರಕ್ಕೆ ಹತ್ತು ಹದಿನೈದು. ಕೈಯಲ್ಲಿ ಐದು ಲಕ್ಷವೂ ಇಲ್ಲದೆ ಶುರು ಮಾಡಿದ್ದೀರಿ. ಗೋಪುರ ಕಟ್ಟುವವನು ಮೊದಲು ಕೂತು ಖರ್ಚು ಲೆಕ್ಕ ಹಾಕುವುದಿಲ್ಲವೇ ಎಂದು ಯೇಸು ಕೇಳಿದ್ದು (ಲೂಕ 14:28) ಶಿಷ್ಯತ್ವದ ವಿಚಾರದಲ್ಲಿ ನಿಜ. ಆದರೆ ಲೆಕ್ಕ ಹಾಕುವುದು ಅಪನಂಬಿಕೆ ಎಂದುಕೊಂಡವರು ಆ ಉದಾಹರಣೆಯನ್ನು ಕೊಡುತ್ತಿರಲಿಲ್ಲ. ಯೆರೂಸಲೇಮಿನ ಬಿದ್ದ ಗೋಡೆ ಕಟ್ಟಿಸಿದ ನೆಹೆಮೀಯನೂ ಮೊದಲು ತಿಂಗಳುಗಟ್ಟಲೆ ಪ್ರಾರ್ಥಿಸಿ, ಊರಿಗೆ ಬಂದು ಮೂರು ದಿನ ಸುಮ್ಮನಿದ್ದು, ಯಾರಿಗೂ ಹೇಳದೆ ಕೆಲವೇ ಜನರ ಜೊತೆ ರಾತ್ರಿ ಗೋಡೆ ಸುತ್ತಿ ನೋಡಿದ. ಆಮೇಲೆ ಐವತ್ತೆರಡು ದಿನದಲ್ಲಿ ಗೋಡೆ ಮುಗಿಯಿತು.

ಇನ್ನು ಹಣ. ನಿಮ್ಮ ಒಳ್ಳೆಯ ಹೆಸರಿಗೆ ಅತಿ ಹೆಚ್ಚು ಅಪಾಯ ಇರುವುದು ಇಲ್ಲೇ, ಆದ್ದರಿಂದ ತಡಮಾಡಬೇಡಿ. ನಿಮ್ಮ ಖಾತೆಯಲ್ಲಿರುವ 1,74,000 ರೂಪಾಯಿಯನ್ನು ಈ ವಾರವೇ ಸಭೆಯ ಖಾತೆಗೆ ಚೆಕ್ ಮೂಲಕ ವರ್ಗಾಯಿಸಿ. ನಗದಾಗಿ ತೆಗೆಯಬೇಡಿ. ಆ ಖಾತೆಗೆ ಇಬ್ಬರ ಸಹಿ ಇರಲಿ, ಆ ಇಬ್ಬರಲ್ಲಿ ನೀವಾಗಲಿ ನಿಮ್ಮ ಮನೆಯವರಾಗಲಿ ಇರಬಾರದು. ಒಂದು ಹಾಳೆಯಲ್ಲಿ ಬಂದದ್ದು, ಹೋದದ್ದು, ಉಳಿದದ್ದು ಬರೆಯಿರಿ. ಮೇಸ್ತ್ರಿಗೆ, ಲಾರಿಯವರಿಗೆ ಕೈಯಲ್ಲಿ ಕೊಟ್ಟ ದುಡ್ಡಿಗೆ ಬಿಲ್ ಇರುವುದಿಲ್ಲ. ಹಳೆಯ ತಾರೀಖು ಹಾಕಿ ಬಿಲ್ ಮಾಡಿಸಬೇಡಿ, ಎಷ್ಟು ಒಳ್ಳೆಯ ಮನಸ್ಸಿನಿಂದ ಮಾಡಿದರೂ ಅದು ಸುಳ್ಳು ಬಿಲ್ಲೇ. ಇವತ್ತಿನ ತಾರೀಖಿನಲ್ಲಿ ‘ಫೆಬ್ರವರಿಯಲ್ಲಿ ಇಷ್ಟು ಪಡೆದಿದ್ದೇನೆ’ ಎಂದು ಚೀಟಿ ಬರೆಸಿ ಸಹಿ ತೆಗೆದುಕೊಳ್ಳಿ. ಚೀಟಿಯೂ ಸಿಗದ್ದನ್ನು ‘ದಾಖಲೆ ಇಲ್ಲ’ ಎಂಬ ಬೇರೆ ಸಾಲಿನಲ್ಲಿ ಮೊತ್ತದ ಜೊತೆ ತೋರಿಸಿ. ನಿಮ್ಮ ಗೆಳೆಯರಲ್ಲದ ಇಬ್ಬರು ಆ ಹಾಳೆಯನ್ನು ನೋಡಿ ಸಹಿ ಹಾಕಲಿ.

ಕೊಟ್ಟವರು ಕಟ್ಟಡಕ್ಕೆಂದು ಕೊಟ್ಟಿದ್ದಾರೆ. ಉಳಿದ ಹಣವನ್ನು ಬೇರೆ ಕೆಲಸಕ್ಕೆ ತಿರುಗಿಸುವ ಹಕ್ಕು ನಿಮಗೂ ಇಲ್ಲ, ಕಮಿಟಿಗೂ ಇಲ್ಲ. ಪ್ರತಿಯೊಬ್ಬರನ್ನೂ ಕೇಳಿ: ಅವರ ಪಾಲಿಗೆ ಉಳಿದದ್ದನ್ನು ವಾಪಸು ಕೊಡಲೇ, ಡಿಸೆಂಬರ್‌ವರೆಗೆ ಕಟ್ಟಡದ ನಿಧಿಯಲ್ಲೇ ಇಡಲೇ, ಮಕ್ಕಳ ಪಾಠಕ್ಕೆ ಬಳಸಲೇ? ಉತ್ತರ ಬರಹದಲ್ಲಿರಲಿ. ಕೊಟ್ಟವರಲ್ಲಿ ಗಲ್ಫ್‌ನಿಂದ ಹಣ ಕಳಿಸಿದವರು ಭಾರತದ ಪಾಸ್‌ಪೋರ್ಟ್ ಇರುವವರಾಗಿ ತಮ್ಮ ಸ್ವಂತ ಉಳಿತಾಯ ಕೊಟ್ಟಿದ್ದರೆ ಅದು ವಿದೇಶಿ ದೇಣಿಗೆಯಾಗುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದ ಒಬ್ಬರಿದ್ದರೂ ಲೆಕ್ಕಪರಿಶೋಧಕರನ್ನು ಕೇಳದೆ ಆ ಹಣ ಮುಟ್ಟಬೇಡಿ.

ಲೆಕ್ಕದ ಹಾಳೆ ಸಿದ್ಧವಾದ ಭಾನುವಾರ, ಆರಾಧನೆ ಮುಗಿದ ಮೇಲೆ, ಐದು ನಿಮಿಷ ನಿಂತು ಓದಿ. ‘ನಮ್ಮಿಂದ ಕೆಲವು ಲೋಪಗಳಾಗಿವೆ’ ಎನ್ನಬೇಡಿ, ಅದರಲ್ಲಿ ತಪ್ಪು ಮಾಡಿದವರೇ ಇಲ್ಲ. ಹೀಗೆ ಹೇಳಿ: ‘ಜಾಗದ ಕಾಗದ ನೋಡದೆ ನಾನು ಕೆಲಸ ಶುರು ಮಾಡಿದೆ. ಸಭೆಯ ಹಣ ನನ್ನ ಖಾತೆಯಲ್ಲಿಟ್ಟೆ. ಕಮಿಟಿಯನ್ನು ಕೇಳಲಿಲ್ಲ. ಕ್ಷಮಿಸಿ. ಲೆಕ್ಕ ಇಲ್ಲಿದೆ, ಯಾರು ಬೇಕಾದರೂ ನೋಡಬಹುದು.’ ಅಷ್ಟೇ ಸಾಕು. ಅಳು ಬಂದರೆ ಬರಲಿ, ಆದರೆ ದೀರ್ಘ ಸಾಕ್ಷಿ ಹೇಳಬೇಡಿ. ಕೇಳುವವರು ನಿಮ್ಮನ್ನು ಸಮಾಧಾನಪಡಿಸುವುದರಲ್ಲಿ ತೊಡಗಿ ಲೆಕ್ಕ ಕೇಳುವುದನ್ನೇ ಬಿಡುತ್ತಾರೆ.

ಬಿಟ್ಟುಹೋದ ಗೆಳೆಯನ ಮನೆಗೆ ಒಬ್ಬರೇ ಹೋಗಿ. ವಾಟ್ಸಾಪ್ ಬೇಡ, ಪಾಸ್ಟರ್ ಜೊತೆಗೂ ಬೇಡ. ‘ನಾನು ಯಾವಾಗೆಲ್ಲ ನಿನ್ನನ್ನು ಕೇಳಲಿಲ್ಲ, ಹೇಳು’ ಎಂದು ಕೇಳಿ ಸುಮ್ಮನೆ ಕೂತುಬಿಡಿ, ಮಧ್ಯೆ ‘ಆದರೆ’ ಅನ್ನಬೇಡಿ. ಸಭೆಗೆ ವಾಪಸು ಬಾ ಎಂದು ಅವತ್ತೇ ಕರೆಯಲೂ ಬೇಡಿ. ಪೌಲ ಮತ್ತು ಬಾರ್ನಬ ತಮ್ಮ ಸಹಾಯಕ ಮಾರ್ಕನ ವಿಷಯದಲ್ಲಿ ಜಗಳವಾಡಿ ಬೇರೆಯಾದರು. ವರ್ಷಗಳ ಮೇಲೆ, ಜೀವನದ ಕೊನೆಯ ಪತ್ರದಲ್ಲಿ, ‘ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಉಪಯುಕ್ತನು’ ಎಂದು ಅದೇ ಪೌಲ ಬರೆದ (2 ತಿಮೊಥೆಯ 4:11). ನಡುವೆ ಏನಾಯಿತೆಂದು ಬೈಬಲ್ ವಿವರಿಸುವುದಿಲ್ಲ. ಅಷ್ಟು ಸಮಯ ನಿಮ್ಮ ಗೆಳೆಯನಿಗೂ ಕೊಡಿ.

ಫ್ಲೆಕ್ಸ್ ವಿಷಯ ನೀವೇ ಬರೆದಿರಿ, ಅದು ನಿಮ್ಮ ಪ್ರಾಮಾಣಿಕತೆ. ಸೋಲಿಗಿಂತ ಮೊದಲು ನೀವು ಎಡವಿದ್ದು ಆ ಗೆಲುವಿನಲ್ಲಿ. ಹೂ ಅರಳಿಸುವ ಮಳೆ ಒಂದಿಂಚು ಬಿದ್ದು ರೊಬಸ್ಟಾ ಕಾಫಿ ತೋಟ ಬೆಳ್ಳಗಾದಾಗ ನೋಡಲು ಎಲ್ಲರೂ ನಿಲ್ಲುತ್ತಾರೆ. ಎರಡು ಮೂರು ವಾರದಲ್ಲಿ ಎರಡನೇ ಮಳೆ, ಅಂದರೆ ಬ್ಯಾಕಿಂಗ್ ಮಳೆ ಬರದಿದ್ದರೆ ಸ್ಪ್ರಿಂಕ್ಲರ್ ಇಡಬೇಕು, ಇಲ್ಲವಾದರೆ ಕಾಯಿ ಉದುರುತ್ತದೆ. ಅದು ನಿಮಗೆ ಹೇಳಿಕೊಡಬೇಕಾದ್ದಲ್ಲ. ಒಂಬತ್ತು ಮಕ್ಕಳು ಪಾಸಾದಾಗ ಬೇಕಿದ್ದ ಎರಡನೇ ಮಳೆ ಇನ್ನೊಬ್ಬ ಗಣಿತದ ಮೇಷ್ಟ್ರು, ಎರಡನೇ ಕರಿಹಲಗೆ, 31 ಮಕ್ಕಳನ್ನು ಮೂರು ಗುಂಪು ಮಾಡಿ ನಡೆಸುವ ಮೂವರು. ನೀವು ಎಲ್ಲವನ್ನೂ ಒಬ್ಬರೇ ಹೊತ್ತು ಹಾಲ್ ಕಡೆ ನೋಡಿದಿರಿ. ಬೆಳಿಗ್ಗೆಯಿಂದ ಸಂಜೆವರೆಗೆ ಒಬ್ಬನೇ ನ್ಯಾಯ ಹೇಳುತ್ತಿದ್ದ ಮೋಶೆಗೆ ಮಾವ ಇತ್ರೋ ಹೇಳಿದ್ದೂ ಅದನ್ನೇ: ನೀನೂ ಬಳಲುತ್ತೀ, ಜನರೂ ಬಳಲುತ್ತಾರೆ, ಹತ್ತು ಹತ್ತು ಮಂದಿಗೆ ಒಬ್ಬೊಬ್ಬನನ್ನು ಇಡು. ಇನ್ನು ಮುಂದೆ ಫಲಿತಾಂಶ ಬಂದ ದಿನ ಮಕ್ಕಳ ಹೆಸರು ಬರೆಯಿರಿ, ಪಾಠ ಮಾಡಿದವರೆಲ್ಲರ ಹೆಸರು ಹೇಳಿ, ನಿಮ್ಮ ಫೋಟೋ ಇಳಿಸಿ. ಎಪ್ಪತ್ತು ಶಿಷ್ಯರು ಗೆದ್ದು ಸಂತೋಷದಿಂದ ಬಂದಾಗ ಯೇಸು ಆ ಸಂತೋಷವನ್ನು ತಳ್ಳಿಹಾಕಲಿಲ್ಲ, ಅದರ ಜಾಗ ಬದಲಿಸಿದ: ದೆವ್ವಗಳು ಅಧೀನವಾದದ್ದಕ್ಕಲ್ಲ, ನಿಮ್ಮ ಹೆಸರುಗಳು ಪರಲೋಕದಲ್ಲಿ ಬರೆದಿರುವುದಕ್ಕೆ ಸಂತೋಷಪಡಿ (ಲೂಕ 10:20). ಆ ಹೆಸರು ಪಾಯ ನಿಂತರೂ ಅಳಿಸುವುದಿಲ್ಲ.

ನಿಂತದ್ದೆಲ್ಲ ವ್ಯರ್ಥವೂ ಅಲ್ಲ. ಜರ್ಮನ್ ಮಿಷನರಿ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಶುರು ಮಾಡಿದರು. ವರ್ಷ ತುಂಬುವುದರೊಳಗೆ ಅದನ್ನು ಬಳ್ಳಾರಿಗೆ ಸಾಗಿಸಿ ಹೆಸರು ಬದಲಿಸಬೇಕಾಯಿತು, ಪತ್ರಿಕೆ ಬಹುಕಾಲ ಬಾಳಲಿಲ್ಲ. ಅದೇ ಮೋಗ್ಲಿಂಗ್ 1853ರಲ್ಲಿ ಕೊಡಗಿಗೆ ಬಂದು, ನಿಮ್ಮ ಊರಿಗೆ ಹತ್ತಿರವೇ ಇರುವ ಆನಂದಪುರದಲ್ಲಿ ಕೆಲಸ ಹಿಡಿದರು. ನಿಂತುಹೋದ ಆ ಪತ್ರಿಕೆ ಹೊರಬಂದ ದಿನವನ್ನು ಕರ್ನಾಟಕ ಇವತ್ತು ಪತ್ರಿಕಾ ದಿನವೆಂದು ಆಚರಿಸುತ್ತದೆ. ಮೋಗ್ಲಿಂಗ್ ಅದನ್ನು ನೋಡಲಿಲ್ಲ.

ರಾಜೀನಾಮೆ? ಹಣಕಾಸು ಮತ್ತು ಕಟ್ಟಡದ ಜವಾಬ್ದಾರಿಗೆ ಇವತ್ತೇ ಕೊಡಿ. ಕಾರ್ಯದರ್ಶಿ ಸ್ಥಾನವನ್ನು ಕಮಿಟಿಯ ಕೈಗೆ ಬಿಡಿ, ಅವರು ಏನು ತೀರ್ಮಾನಿಸಿದರೂ ಒಪ್ಪಿಕೊಳ್ಳಿ. ಪಾಠಕ್ಕೆ ಮಾತ್ರ ರಾಜೀನಾಮೆ ಕೊಡಬೇಡಿ. ‘ಮಕ್ಕಳಿಂದ ತುಂಬಿದ ಮನೆ’ ನಿಮ್ಮ ಜಗಲಿಯಲ್ಲಿ ಆಗಲೇ ಇತ್ತು, 31 ಜೊತೆ ಚಪ್ಪಲಿ ಅಂಗಳದಲ್ಲಿ ಬಿದ್ದಿರುತ್ತಿದ್ದವು.

ಪಾಯದಿಂದ ಎದ್ದು ನಿಂತ ಕಂಬಿಗಳನ್ನು ಹಾಗೇ ಬಿಡಬೇಡಿ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆ ಒಂದು ದಿನ ಬಿಡುವು ಕೊಟ್ಟಾಗ ಅಣ್ಣನ ಅನುಮತಿ ಕೇಳಿ ಒಳಗೆ ಹೋಗಿ, ತಂತಿ ಬ್ರಷ್‌ನಿಂದ ತುಕ್ಕು ಉಜ್ಜಿ, ಸಿಮೆಂಟ್ ಹಾಲು ಬಳಿದು, ಒಣಗಿದ ಮೇಲೆ ಪ್ಲಾಸ್ಟಿಕ್ ಸುತ್ತಿ ಕಟ್ಟಿ. ಮುಂದೆ ಕಟ್ಟಿದರೂ ಮಾರಿದರೂ ಅದು ಜನರ ದುಡ್ಡು.

ಕರಿಹಲಗೆಗೆ ಇಷ್ಟು ಹೊತ್ತಿಗೆ ಬೂಷ್ಟು ಬಂದಿರುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ, ಒಲೆಯ ಕೋಣೆಯಲ್ಲಿ ಒಂದು ರಾತ್ರಿ ಒಣಗಿಸಿ, ಕಪ್ಪು ಬಣ್ಣ ತೆಳುವಾಗಿ ಎರಡು ಕೋಟ್ ಹೊಡೆಯಿರಿ. ಈ ಹವೆಯಲ್ಲಿ ಕೋಟಿಗೆ ಎರಡು ದಿನ ಬೇಕು. ಹತ್ತನೇ ತರಗತಿಯ ಮಕ್ಕಳಿಗೆ ಮಾರ್ಚ್ ಪರೀಕ್ಷೆಗೆ ಎಂಟು ತಿಂಗಳೂ ಪೂರ್ತಿ ಇಲ್ಲ. ಲೈನ್‌ಮನೆಗೆ ನೀವೇ ನಡೆದುಹೋಗಿ ಸೋಮವಾರ ಸಂಜೆ ಐದೂವರೆಗೆ ಬನ್ನಿ ಎಂದು ಹೇಳಿ. ಕರೆಂಟ್ ಹೋಗುತ್ತದೆ, ಚಾರ್ಜ್ ಮಾಡಿದ ಎಮರ್ಜೆನ್ಸಿ ಲೈಟ್ ಎರಡು ಇಟ್ಟುಕೊಳ್ಳಿ. ಮೊದಲ ದಿನ ನಾಲ್ಕೇ ಮಕ್ಕಳು ಬಂದರೂ ಗಣಿತದಿಂದಲೇ ಶುರು ಮಾಡಿ.