ಕಾಡಂಚಿನ ಮನೆಗೆ ಬೇಸಿಗೆಯ ಬೆಂಕಿಯಿಂದ ರಕ್ಷಣೆ

ಪ್ರಶ್ನೆ: ನಮ್ಮದು ಸಾಗರ ತಾಲ್ಲೂಕಿನ ಒಂಟಿಮನೆ. ಹಿಂಭಾಗದ ಇಳಿಜಾರಿನಲ್ಲಿ ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು, ದರಕು ತರಲು ಬಿಟ್ಟುಕೊಟ್ಟ ಕಾಡು), ಅದರಾಚೆ ಅಕೇಶಿಯಾ ನೆಡುತೋಪು ಇದೆ. ಮನೆಗೆ ಹಂಚಿನ ಮಾಡು, ಪಕ್ಕದಲ್ಲೇ ಕೊಟ್ಟಿಗೆ ಮತ್ತು ಹುಲ್ಲಿನ ಬಣವೆ. ಶಿವರಾತ್ರಿ ಹತ್ತಿರವಾದಂತೆ ಕಾಡ್ಗಿಚ್ಚಿನ ಭಯ ಶುರುವಾಗುತ್ತದೆ. ಬೆಟ್ಟದಂಚಿಗೆ ಅಗಲವಾದ ಬೆಂಕಿ ರೇಖೆ (ಬೆಂಕಿ ದಾಟದಂತೆ ಗಿಡ, ತರಗೆಲೆಗಳನ್ನು ಕಡಿದು ಇಲ್ಲವೇ ಸುಟ್ಟು ಮಾಡುವ ಖಾಲಿ ಪಟ್ಟಿ) ತೆಗೆಸಿದರೆ ಸಾಕೇ?
– ಓದುಗರೊಬ್ಬರು, ಸಾಗರ ತಾಲ್ಲೂಕು

ಉತ್ತರ: ಬೆಂಕಿ ರೇಖೆ ಬೇಕು, ಆದರೆ ಅದೊಂದೇ ಸಾಲದು. ಕೆಲಸವನ್ನು ಬೆಟ್ಟದಂಚಿನಿಂದಲ್ಲ, ಮನೆಯ ಗೋಡೆಯಿಂದ ಆರಂಭಿಸಿ ಎಂಬುದು ನನ್ನ ಸಲಹೆ. ಕಾಡ್ಗಿಚ್ಚಿನಲ್ಲಿ ಮನೆ ಕಳೆದುಕೊಂಡವರ ಪೈಕಿ ಬಹುಪಾಲು ಮಂದಿಯ ಮನೆಗೆ ದೊಡ್ಡ ಜ್ವಾಲೆ ನೇರವಾಗಿ ತಾಗಿರುವುದಿಲ್ಲ. ಗಾಳಿಯಲ್ಲಿ ಹಾರಿಬಂದ ಕಿಡಿ ಮಾಡಿನ ಮೇಲೋ ಗೋಡೆಯ ಬುಡದಲ್ಲೋ ಬಿದ್ದು, ಅಲ್ಲಿದ್ದ ಒಣ ವಸ್ತು ಹೊತ್ತಿಕೊಂಡಿರುತ್ತದೆ. 2018ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಪಟ್ಟಣ ಸುಟ್ಟಾಗ, ಮನೆಗಳು ಬೂದಿಯಾದ ಎಷ್ಟೋ ಕಡೆ ಪಕ್ಕದ ಮರಗಳು ಹಸಿರಾಗಿಯೇ ಉಳಿದಿದ್ದವು. ಹಾರುವ ಕಿಡಿಯನ್ನು ಬೆಂಕಿ ರೇಖೆ ತಡೆಯುವುದಿಲ್ಲ.

ಹಂಚು ತಾನಾಗಿ ಸುಡುವುದಿಲ್ಲವೆಂಬುದು ನಿಮಗೆ ಅನುಕೂಲ. ಆದರೆ ಎರಡು ಮಾಡುಗಳು ಕೂಡುವ ಸಂದಿನಲ್ಲಿಯೂ ಮಳೆನೀರು ಹರಿಯುವ ದಂಬೆಯಲ್ಲಿಯೂ ತುಂಬಿರುವ ತರಗೆಲೆಯನ್ನು ಒಮ್ಮೆ ಏಣಿ ಹಾಕಿ ನೋಡಿ. ಒಡೆದ ಹಂಚೊಂದು ಇದ್ದರೂ ಕಿಡಿ ಒಳಸೇರಿ, ಹಂಚಿನಡಿಯ ಮರದ ರೀಪು ಪಕಾಸಿಗಳನ್ನು ಹಿಡಿದು, ಅಟ್ಟದ ಮೇಲಿನ ಗೋಣಿಚೀಲಗಳ ನಡುವೆ ಯಾರ ಕಣ್ಣಿಗೂ ಬೀಳದೆ ಗಂಟೆಗಟ್ಟಲೆ ಹೊಗೆಯಾಡಬಹುದು. ಆದ್ದರಿಂದ ಜನವರಿಯೊಳಗೆ ಹಂಚು ಕೈಯಾಡಿಸಿ, ಒಡೆದವನ್ನು ಬದಲಿಸಿ.

ಗೋಡೆಯ ಸುತ್ತ ಕನಿಷ್ಠ 5 ಅಡಿ ಬರೀ ನೆಲವಿರಲಿ. ಮಳೆಗಾಲಕ್ಕೆಂದು ಸೂರಿನಡಿ ಒಟ್ಟಿದ ಸೌದೆ, ಅಡಿಕೆ ಸೋಗೆ, ತಾಡಪತ್ರಿಗಳನ್ನು ಬೇಸಿಗೆಯಲ್ಲಿ ಅಲ್ಲಿಂದ ತೆಗೆಯಲೇಬೇಕು. ನನಗೆ ಹೆಚ್ಚು ಆತಂಕ ತರುವುದು ನಿಮ್ಮ ಬಣವೆ. ಅದು ಹೊತ್ತಿದರೆ ಕೊಟ್ಟಿಗೆ ಉಳಿಯುವುದು ಕಷ್ಟ. ಮನೆ, ಕೊಟ್ಟಿಗೆ ಎರಡರಿಂದಲೂ 30 ಮೀಟರ್ ದೂರಕ್ಕೆ ಸಾಗಿಸಲು ಜಾಗವಿದ್ದರೆ ದಯವಿಟ್ಟು ಸಾಗಿಸಿ.

ಅಂಗಳದಾಚೆಯ ದರಕನ್ನು (ಒಣಗಿ ಉದುರಿದ ಎಲೆ) ಗುಡಿಸಿ ತೋಟಕ್ಕೆ ಹಾಕಿ, ಗುಡ್ಡೆ ಮಾಡಿ ಸುಡಬೇಡಿ. ಹಾಗೆ ಹಚ್ಚಿದ ಬೆಂಕಿಯೇ ಕೈಮೀರಿ ಕಾಡು ಸೇರುವುದುಂಟು. ಅಕೇಶಿಯಾ ಎಲೆ ನಿಧಾನವಾಗಿ ಕೊಳೆಯುವುದರಿಂದ ದಪ್ಪನೆಯ ಪದರವಾಗಿ ಉಳಿಯುತ್ತದೆ, ಅದನ್ನು ಆಗಾಗ ಎಳೆಯುತ್ತಿರಬೇಕು. ಬೆಂಕಿ ಏರಿನಲ್ಲಿ ಹೆಚ್ಚು ವೇಗವಾಗಿ ಹತ್ತುವುದರಿಂದ, ಬೆಟ್ಟ ಮನೆಗಿಂತ ಕೆಳಗಿದ್ದರೆ ಆ ಮಗ್ಗುಲನ್ನು ಉಳಿದ ಕಡೆಗಿಂತ ಅಗಲವಾಗಿ ಶುಚಿಗೊಳಿಸಿ, ಲಂಟಾನ ಪೊದೆಗಳನ್ನು ಬುಡಸಹಿತ ಕೀಳಿಸಿ.

ರೇಖೆಯ ವಿಷಯದಲ್ಲಿ ಒಂದು ಎಚ್ಚರ: ಸೊಪ್ಪಿನಬೆಟ್ಟದ ಸೌಲಭ್ಯ ನಿಮ್ಮದಾದರೂ ಮರ ಕಡಿಯುವ, ಬೆಂಕಿ ಹಾಕುವ ಹಕ್ಕು ಅದರೊಂದಿಗೆ ಬರುವುದಿಲ್ಲ. ಕಾಯ್ದಿಟ್ಟ ಅರಣ್ಯದಲ್ಲಿ ಬೆಂಕಿ ಹಚ್ಚುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅಪರಾಧ. ವಲಯ ಅರಣ್ಯಾಧಿಕಾರಿಯವರ ಕಚೇರಿಗೆ ಮೊದಲೇ ಅರ್ಜಿ ಕೊಟ್ಟು, ಇಲಾಖೆಯ ಕಾವಲುಗಾರರ ಸಮ್ಮುಖದಲ್ಲಿಯೇ ರೇಖೆ ತೆಗೆಸಿ.

ಬೆಂಕಿಯ ದಿನ ಕರೆಂಟ್ ಇರುತ್ತದೆಂದು ನಂಬಿ ಕೂರಬೇಡಿ. ಅಂಗಳದಲ್ಲಿ ತುಂಬಿದ ಡ್ರಮ್ಮು, ಕೊಡ, ಒದ್ದೆಗೋಣಿ ಸಿದ್ಧವಿರಲಿ. ಹೊಗೆ ಕಂಡೊಡನೆ ಅರಣ್ಯ ಇಲಾಖೆಯ 1926 ಅಥವಾ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಿ, ದನಕರುಗಳ ಹಗ್ಗ ಬಿಚ್ಚಿ, ಕಿಟಕಿ ಬಾಗಿಲುಗಳನ್ನು ಮುಚ್ಚಿ, ವಯಸ್ಸಾದವರನ್ನೂ ಮಕ್ಕಳನ್ನೂ ಮೊದಲು ರಸ್ತೆಯ ಕಡೆಗೆ ಕಳುಹಿಸಿ.