ಕೋರಸ್ಸೋ, ಕಕಾಫನಿಯೋ?

ಪ್ರಶ್ನೆ: ಸೊಸೈಟಿ ಮೀಟಿಂಗ್‌ನಲ್ಲಿ ಪಾರ್ಕಿಂಗ್ ಬಗ್ಗೆ ಒಬ್ಬೊಬ್ಬರು ಒಂದೊಂದು ಹೇಳಿದರು. ಇಂಗ್ಲಿಷ್ ವರದಿಯಲ್ಲಿ ‘ಎ ಕೋರಸ್ ಆಫ್ ಒಪಿನಿಯನ್ಸ್’ ಎಂದು ಬರೆದೆ. ಸರಿಯೇ?
(ಓದುಗರು, ಡೊಂಬಿವಲಿ)

ಉತ್ತರ: ಇಲ್ಲಿ ಹೊಂದುವುದಿಲ್ಲ. ಕೋರಸ್ ಅಂದ್ರೆ ಎಲ್ಲರೂ ಒಂದೇ ರಾಗ ಎಳೆಯಬೇಕು. ಮೇಂಟೆನನ್ಸ್ ಏರಿಸ್ತೀವಿ ಅಂದಾಗ ಇಡೀ ಬಿಲ್ಡಿಂಗ್ ‘ಬೇಡ’ ಎಂದು ಕೂಗಿದರೆ ಅದು ‘ಎ ಕೋರಸ್ ಆಫ್ ಪ್ರೊಟೆಸ್ಟ್’. ನಿಮ್ಮಲ್ಲಿ ಆದದ್ದು ‘ಎ ರೇಂಜ್ ಆಫ್ ಒಪಿನಿಯನ್ಸ್’, ವರದಿಗೆ ಅಷ್ಟು ಸಾಕು. ಕಕಾಫನಿ ಕರ್ಕಶ ಸದ್ದಿಗೆ, ಅದರ ಗ್ರೀಕ್ ಮೂಲದಲ್ಲೇ ‘ಕೆಟ್ಟ ದನಿ’ ಅಂತಿದೆ. ಸಂಜೆ ದಾದರ್‌ನಲ್ಲಿ ಬಸ್ಸು, ಟ್ಯಾಕ್ಸಿ, ಬೈಕು ಎಲ್ಲ ಒಟ್ಟಿಗೆ ಹಾರ್ನ್ ಹೊಡೆಯುತ್ತವಲ್ಲ, ಅದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಅಭಿಪ್ರಾಯಗಳಿಗೂ ಬಳಸುವವರಿದ್ದಾರೆ, ಆದರೆ ಆಗ ಮಾತು ಸ್ವಲ್ಪ ಚುಚ್ಚುತ್ತದೆ. ವರದಿಗೆ ಸಹಿ ಹಾಕುವ ಸೆಕ್ರೆಟರಿ ಸುಮ್ನೆ ಬಿಡ್ತಾರಾ?